ರಟ್ಟಿನೊಳಗಿನ ನಲವತ್ತಮೂರು ಹಾಳೆ

ಬಾಬಾಜಾನ್ ಚಾಚಾ,

ಸಲಾಂ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದಂತಾಗುತ್ತದೆ. ನಿಮ್ಮ ಕ್ಷೇಮ ಕೇಳೋಣವೆಂದರೆ ನೀವು ಹೋಗಿ ನಾಲ್ಕು ತಿಂಗಳಾಯಿತು. ಅದಕ್ಕೇ ಸೀದಾ ವಿಷಯಕ್ಕೆ ಬರುತ್ತೇನೆ. ನಾನೀಗ ಹರಿಹರದಲ್ಲಿದ್ದೇನೆ, ಹೊಳೆಯ ಮೆಟ್ಟಿಲ ಮೇಲೆ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ಬೆನ್ನ ಹಿಂದಿನ ಓಣಿಯಲ್ಲಿ ಐದನೆಯ ಮನೆ ಗಿರಿಜಮ್ಮನವರದು. ಆ ಮನೆಯ ತನಕ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಬಾಗಿಲು ತಟ್ಟದೆ ತಿರುಗಿ ಬಂದಿದ್ದೇನೆ. ತೊಡೆಯ ಮೇಲೆ ನಿಮ್ಮ ರಟ್ಟಿನ ಪೆಟ್ಟಿಗೆ ಇದೆ. ಅದರಲ್ಲಿ ಆಯಮ್ಮನ ಹಾಳೆಗಳು. ಈಗಷ್ಟೇ ಮತ್ತೆ ಎಣಿಸಿದೆ, ನಲವತ್ತಮೂರು. ಚೀಲದಲ್ಲಿ ನನ್ನ ಎಂ.ಎ. ಕಿರುಪ್ರಬಂಧ. ನಾಳೆ ಸಂಜೆ ಐದರೊಳಗೆ ಅದನ್ನು ವಿಭಾಗಕ್ಕೆ ಒಪ್ಪಿಸಬೇಕು. ಈ ಹಾಳೆಗಳ ಮೇಲೆಯೇ ಅದು ನಿಂತಿದೆ. ಗಿರಿಜಮ್ಮ ‘ಬ್ಯಾಡ, ನನ್ನ ಬರಹ ನನಗೆ ಕೊಡು’ ಎಂದರೆ ಮುಗಿಯಿತು, ನನ್ನ ಒಂದು ವರ್ಷ ಹೋಯಿತು. ನೀವಿದ್ದಿದ್ದರೆ “ಏ ಹೆದರುಪುಕ್ಲಿ, ಮೊದ್ಲು ಒಂದು ಚಾ ಕುಡಿ” ಅನ್ನುತ್ತಿದ್ದಿರಿ. ಕುಡಿದೆ. ಎರಡು ಕುಡಿದೆ. ಏನೂ ಉಪಯೋಗವಾಗಲಿಲ್ಲ.

ಅಪ್ಪ ನನ್ನನ್ನು ಮೊದಲ ಸಲ ನಿಮ್ಮ ಅಂಗಡಿ ಕಟ್ಟೆಯ ಮೇಲೆ ಕೂರಿಸಿ ಹೋದ ಶನಿವಾರ ನಿಮಗೆ ನೆನಪಿತ್ತೇ? ನಾನಾಗ ಮೂರನೇ ಕ್ಲಾಸು. ಶಾಮನೂರಿನ ನಮ್ಮ ಕಿರಾಣಿ ಅಂಗಡಿಗೆ ಸಾಮಾನು ಕಟ್ಟಿಸಲು ಅಪ್ಪ ವಾರಕ್ಕೊಮ್ಮೆ ದಾವಣಗೆರೆಯ ಮಂಡಿಪೇಟೆಗೆ ಬರುತ್ತಿದ್ದರು, ಮೊಪೆಡ್ಡಿನ ಮುಂದೆ ನನ್ನನ್ನು ನಿಲ್ಲಿಸಿಕೊಂಡು. “ಚಾಚಾ, ಹುಡುಗೀನ ಒಂದ್ ಗಳಿಗೆ ನೋಡ್ಕಳ್ರಿ, ಈ ಗದ್ದಲದಾಗ ತಪ್ಪಿಸ್ಕಂಡ್ರೆ ಕಷ್ಟ” ಎಂದರು ಅಪ್ಪ. “ಕೂಡ್ರಿಸಿ ಹೋಗ್ರಿ ಯಜಮಾನ್ರೆ, ಇಲ್ಲಿ ಕಾಗದ ಬಿಟ್ರೆ ಏನೈತೆ ಹಾಳಾಗಾಕೆ?” ಎಂದಿರಿ ನೀವು. ಬೈಂಡಿಂಗ್ ಅಂಗಡಿ ಅಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಪ್ರೆಸ್ಸಿನಿಂದ ಬಂದ ಫಾರಂಗಳು, ಅಂದರೆ ಹದಿನಾರು ಪುಟದ ಒಂದೊಂದು ಮಡಿಕೆ, ಗೋಡೆಗುಂಟ ಪೇರಿಸಿದ್ದವು. ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓದಿದೆ. ಐದನೇ ಫಾರಮ್ಮಿನಲ್ಲಿ ಸತ್ತವನು ಎರಡನೇ ಫಾರಮ್ಮಿನಲ್ಲಿ ಎಮ್ಮೆ ಹಿಡಿದುಕೊಂಡು ಹೋಗುತ್ತಿದ್ದ. “ಸತ್ತೋನು ಹೆಂಗೆ ಬಂದ?” ಎಂದು ಕೇಳಿದ್ದಕ್ಕೆ ನೀವು ಸೂಜಿ ಕೆಳಗಿಟ್ಟು ನಕ್ಕಿರಿ. “ನಮ್ಮ ಅಂಗಡ್ಯಾಗ ಸತ್ತೋರೂ ಎದ್ದು ಬರ್ತಾರೆ ಬೇಟಿ.” ಆ ಚಾಳಿ ನನಗೆ ಇವತ್ತಿಗೂ ಬಿಟ್ಟಿಲ್ಲ. ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಲಾರೆ. ನಮ್ಮ ಗೈಡ್ ಮೇಡಂ ಬಯ್ಯುತ್ತಲೇ ಇರುತ್ತಾರೆ.

ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಹಾಕಿ ಕುದಿಸುವ ವಾಸನೆ ಬಂದರೆ ಈಗಲೂ ನನಗೆ ಶನಿವಾರ ಅನ್ನಿಸುತ್ತದೆ. ವಾರ ವಾರ ಬಂದು ಕೂತು ನಿಮ್ಮ ಕೆಲಸವನ್ನೆಲ್ಲ ನೋಡಿದೆ. ಹೊಲಿಯುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು, ಕೊನೆಗೆ ಕಟಿಂಗ್ ಮಷಿನ್ನಿಗೆ ಕೊಟ್ಟು ಮೂರೂ ಕಡೆ ಅಂಚನ್ನು ಕತ್ತರಿಸಿ ನುಣುಪು ಮಾಡುವುದು. ಅಂಚು ಒಂದು ನೂಲಿನಷ್ಟು ಏರುಪೇರಾದರೂ ನಿಮಗೆ ಆಗುತ್ತಿರಲಿಲ್ಲ. ಆದರೆ ಒಂದು ಸಂಗತಿ ಮಾತ್ರ ತಿಳಿಯುತ್ತಿರಲಿಲ್ಲ. ಪಕ್ಕದ ಓಣಿಯ ವಾಚನಾಲಯದಿಂದ ಹರಿದ ಪುಸ್ತಕಗಳು ರಿಪೇರಿಗೆ ಬಂದಾಗ ನೀವು ಮೊದಲು ಬೆನ್ನಿನ ತಲೆಭಾಗ ನೋಡುತ್ತಿದ್ದಿರಿ. ಅಲ್ಲಿ ಕೆಂಪು ದಾರದ ಹೊಲಿಗೆ ಕಂಡರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನೆತ್ತಿಕೊಂಡು ಒಳಗೆ ಹೋಗುತ್ತಿದ್ದಿರಿ. “ಅದ್ರಾಗ ನಿಧಿ ಐತಾ ಚಾಚಾ?” ಎಂದು ಒಮ್ಮೆ ಕೇಳಿದ್ದೆ. “ಐತೆ. ನಂದಲ್ಲ” ಎಂದಿರಿ. ನಾನು ಅದನ್ನು ತಮಾಷೆ ಅಂದುಕೊಂಡೆ.

ಇತಿಹಾಸ ತಗೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ಅಪ್ಪ ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದರು. “ಸತ್ತ ರಾಜರ ಹೆಸರು ಬಾಯಿಪಾಠ ಮಾಡಿದ್ರೆ ಯಾರ ಹೊಟ್ಟೆ ತುಂಬತೈತೆ?” ಅಳುತ್ತಾ ನಿಮ್ಮ ಹತ್ತಿರ ಬಂದೆ. ನೀವು ಸಮಾಧಾನ ಮಾಡಲಿಲ್ಲ. ಹಳೆಯ ರಟ್ಟೊಂದನ್ನು ನೀರಲ್ಲಿ ನೆನೆಹಾಕಿ ಪದರ ಬಿಡಿಸಿ ತೋರಿಸಿದಿರಿ. ರಟ್ಟು ಗಟ್ಟಿಯಾಗಲೆಂದು ಎರಡು ತೆಳು ರಟ್ಟಿನ ನಡುವೆ ರದ್ದಿ ಕಾಗದ ಅಂಟಿಸುವುದು ಹಿಂದಿನ ಪದ್ಧತಿಯಂತೆ. ಒಳಗೆ ಯಾರದೋ ಲಗ್ನಪತ್ರಿಕೆ, ಯಾವುದೋ ನಾಟಕ ಕಂಪನಿಯ ಕರಪತ್ರ, ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಕಾಪಿ ಬರೆದ ಹಾಳೆ. “ರಾಜರದ್ದು ಕಲ್ಲಿನ ಮ್ಯಾಲೈತೆ, ಯಾರಾದ್ರೂ ಓದ್ತಾರೆ. ನಮ್ಮಂಥೋರದ್ದು ಕಾಗದದ ಮ್ಯಾಲೈತೆ. ಅದನ್ನ ನಾನೇ ಅಂಟು ಹಚ್ಚಿ ಮುಚ್ಚಿಬಿಡ್ತೀನಿ ನೋಡು” ಎಂದಿರಿ. ನನ್ನ ಪ್ರಬಂಧದ ವಿಷಯ ಹುಟ್ಟಿದ್ದು ಅವತ್ತೇ: ಹಳೆಯ ರಟ್ಟುಗಳೊಳಗಿನ ದಾವಣಗೆರೆ, ಹರಿಹರದ ದಿನದ ಬದುಕು. ಮೇಡಂ ಮೊದಲು ನಕ್ಕರು, ಆಮೇಲೆ ಒಪ್ಪಿದರು.

ರಂಜಾನ್ ಮುಗಿದು ಒಂದು ವಾರವಾಗಿತ್ತು, ಮಧ್ಯಾಹ್ನ. ಆಗಲೇ ನಿಮ್ಮ ಕೆಮ್ಮು ಜಾಸ್ತಿಯಾಗಿತ್ತು. ಚಾಚಿಗೆ ತಗಡಿನ ಟ್ರಂಕು ತರಲು ಹೇಳಿದಿರಿ. ಅದರಿಂದ ಈ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟು, ನನ್ನ ಮುಖ ನೋಡದೆ ಹೇಳಿದಿರಿ. “ನನಗಾಗ ಇಪ್ಪತ್ತು ವರ್ಷ. ಅಬ್ಬಾ ನನ್ನ ಕೈಗೆ ಹೊಸದಾಗಿ ಕೆಲ್ಸ ಬಿಟ್ಟಿದ್ರು. ಹರಿಹರದಿಂದ ಗಿರಿಜಮ್ಮ ಅಂತ ಒಬ್ರು ಬಂದು ಕಾಗದದ ಕಟ್ಟು ಕೊಟ್ಟು ಹೋದ್ರು, ಬೈಂಡ್ ಮಾಡಿ ಕೊಡ್ರಿ ಅಂತ. ಅವರ ಯಜಮಾನ್ರು ಹತ್ತಿ ಮಿಲ್ಲಿನಾಗ ಗುಮಾಸ್ತರು. ಮಿಲ್ಲಿನ ಹಳೇ ಹಾಜರಿ ಹಾಳೆ ಮನೆಗೆ ತರೋರು, ಆಯಮ್ಮ ಅದರ ಹಿಂದ್ಗಡೆ ದಿನಾ ಬರಿಯೋರು. ಅದೇ ಹಾಜರಿ ಹಾಳೆ ನಮ್ಗೂ ವಾರ ವಾರ ಮೂಟೆಗಟ್ಲೆ ರದ್ದಿಗೆ ಬರ್ತಿತ್ತು ಬೇಟಿ. ಅದೇ ಸೈಜು, ಅದೇ ಸುತಳಿ. ನಾನು ತಿರುವಿ ನೋಡ್ಲಿಲ್ಲ. ರದ್ದಿ ಅಂದ್ಕಂಡು ಅಳತೆಗೆ ಕತ್ತರಿಸಿ ರಟ್ಟಿನೊಳಗ ಅಂಟು ಹಚ್ಚಿಬಿಟ್ಟೆ.”

ಆ ವಾರ ನೀವು ಬೈಂಡ್ ಮಾಡಿದ್ದೆಲ್ಲ ಆ ವಾಚನಾಲಯದ ಪುಸ್ತಕ. ಆ ವಾರ ಮಾತ್ರ ಅಂಗಡಿಯಲ್ಲಿದ್ದದ್ದು ಕೆಂಪು ದಾರ. ಗಿರಿಜಮ್ಮ ತಗೊಂಡು ಹೋಗಲು ಬಂದಾಗ ಕಟ್ಟು ಕಳೆದುಹೋಯಿತೆಂದು ಸುಳ್ಳು ಹೇಳಿದಿರಿ. ಆಯಮ್ಮ “ಹೋಗ್ಲಿ ಬಿಡ್ರಿ, ಕೆಲ್ಸಕ್ಕೆ ಬಾರದ ಬರಹ” ಎಂದರಂತೆ. ನಿಮ್ಮ ತಂದೆ ಬದಲಿಗೆ ಒಂದು ಖಾಲಿ ನೋಟ್‌ಬುಕ್ ಕೊಟ್ಟು ಕಳಿಸಿದರು. ಅದಾದ ಮೇಲೆ ಆ ಕೆಂಪು ದಾರದ ಪುಸ್ತಕ ಯಾವುದು ರಿಪೇರಿಗೆ ಬಂದರೂ ನೀವು ಅದರ ರಟ್ಟು ನೆನೆಸಿ, ಆಯಮ್ಮನ ಹಾಳೆ ಬಿಡಿಸಿ, ಒಣಗಿಸಿ, ಒತ್ತಿಟ್ಟಿರಿ. ಐವತ್ತು ವರ್ಷದಲ್ಲಿ ನಲವತ್ತಮೂರು. “ಕೆಲ್ಸಕ್ಕೆ ಬಾರದ್ದು ಅಂದ್ರಲ್ಲ, ಆ ಮಾತು ನನ್ನ ಗಂಟ್ಲಾಗ ಕೂತೈತೆ” ಎಂದಿರಿ. ಆಯಮ್ಮ ಆಮೇಲೂ ಪ್ರತಿ ವರ್ಷ ಒಂದು ನೋಟ್‌ಬುಕ್ ಕೊಳ್ಳಲು ಬರುತ್ತಿದ್ದರಂತೆ. ಅವರು ಬಂದರೆ ನೀವು ಒಳಗೆ ಹೋಗಿ ಅಂಟು ಕಲಸುತ್ತಿದ್ದಿರಿ ಎಂದು ಚಾಚಿ ಹೇಳಿದರು. ನೀವು ತಲೆ ಎತ್ತಲಿಲ್ಲ.

ಆ ಹಾಳೆಗಳನ್ನು ಮನೆಗೆ ತಂದು ಓದಿದ ದಿನ ನಾನು ಊಟ ಮರೆತೆ. “ಹೊಳೆ ಮೂರನೇ ಮೆಟ್ಟಿಲಿಗೆ ಬಂದಿದೆ, ಬಟ್ಟೆ ಮನೆಯಲ್ಲೇ ಒಗೆದೆ.” “ಇವರ ಅಂಗಿಯಿಂದ ಹತ್ತಿಯ ಎಳೆ ಬಿಡಿಸಿ ಸಾಕಾಯಿತು.” “ಪಕ್ಕದ ಮನೆಯವಳು ಹುಣಸೆಹಣ್ಣು ಕೇಳಿದಳು, ಇದು ಮೂರನೇ ಸಲ.” ಇಂಥದ್ದನ್ನು ಯಾವ ಇತಿಹಾಸದ ಪುಸ್ತಕದಲ್ಲಿ ಹುಡುಕಲಿ? ಬಲಗಡೆಯ ಎರಡು ಇಂಚು ನಿಮ್ಮ ಕತ್ತರಿಗೆ ಹೋಗಿರುವುದರಿಂದ ಎಷ್ಟೋ ಸಾಲಿಗೆ ಕೊನೆಯಿಲ್ಲ. ಒಂದು ಹಾಳೆಯ ತುದಿಯಲ್ಲಿ ಹೀಗಿದೆ: “ಇವತ್ತು ಒಲೆ ಹಚ್ಚಲಿಲ್ಲ. ಮಂಡಕ್ಕಿ ತಿಂದು ಮಲಗಿದೆವು. ಎಲ್ಲಾ ಆ”. ಅಷ್ಟೇ. ಎಲ್ಲಾ ಆ ಏನು? ನನಗೆ ತಕ್ಷಣ ಹೊಳೆಯಿತು, ಆ ಮಿಲ್ಲಿನ ದೆಸೆಯಿಂದ. ಮಿಲ್ಲು ನಿಂತಿರಬೇಕು, ಸಂಬಳ ಬಂದಿರಲಿಕ್ಕಿಲ್ಲ, ಮನೆಯಲ್ಲಿ ಉಪವಾಸ. ಆ ಒಂದು ಸಾಲಿನ ಮೇಲೆ ಏಳು ಪುಟ ಬರೆದೆ. ಮೇಡಂ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇದೇ ನಿನ್ನ ಪ್ರಬಂಧದ ಜೀವ ಶೈಲಾ” ಎಂದರು.

ಹರಿಹರಕ್ಕೆ ಹೋಗೋಣ ಎಂದು ನೀವು ಮೂರು ಸಲ ಕೇಳಿದಿರಿ. “ಒಬ್ನೇ ಹೋಗಾಕೆ ಧೈರ್ಯ ಇಲ್ಲ ಬೇಟಿ, ನೀನು ಜೊತೀಗಿದ್ರೆ ಮಾತಾಡ್ತೀನಿ” ಎಂದಿರಿ. ಮೊದಲ ಸಲ ಪರೀಕ್ಷೆ ಮುಗಿಯಲಿ ಎಂದೆ. ಎರಡನೇ ಸಲ ನಿಮ್ಮ ಕೆಮ್ಮು ಕಡಿಮೆಯಾಗಲಿ ಎಂದೆ. ನಿಜ ಹೇಳಲೇ? ನನಗೆ ಹೆದರಿಕೆಯಾಗಿತ್ತು. ಆಯಮ್ಮ ಹಾಳೆ ಇಸಿದುಕೊಂಡುಬಿಟ್ಟರೆ? ಬರೆಯಬೇಡ ಎಂದುಬಿಟ್ಟರೆ? ಪ್ರಬಂಧ ಒಪ್ಪಿಸಿದ ಮೇಲೆ ಹೋದರಾಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಪ್ರಬಂಧದಲ್ಲಿ ಅವರ ಹೆಸರನ್ನೂ ಹಾಕಲಿಲ್ಲ. ‘ಓರ್ವ ಅಜ್ಞಾತ ಮಹಿಳೆ’ ಎಂದು ಬರೆದೆ. ಗೊತ್ತಿಲ್ಲ ಎಂದರೆ ಯಾರನ್ನೂ ಕೇಳಬೇಕಾಗಿಲ್ಲವಲ್ಲ! ಮೂರನೇ ಸಲ ನೀವು ಕೇಳಿದಾಗ, “ನಾನೇ ಹೋಗಿ ನೋಡಿ ಬಂದೆ ಚಾಚಾ, ಮನೆಗೆ ಬೀಗ ಹಾಕಿತ್ತು, ಮಗಳ ಊರಿಗೆ ಹೋಗಿದಾರಂತೆ” ಎಂದೆ. “ಹಂಗಾರೆ ಬರ್ಲಿ ಬಿಡು, ಕಾಯಾಣ” ಎಂದಿರಿ. ಆ ಬೀಗದ ವಿಷಯ...

ನೀವು ಹೋದ ಮೂರನೆಯ ದಿನ ಚಾಚಿ ಈ ಪೆಟ್ಟಿಗೆಯನ್ನು ಸೀರೆಯ ಸೆರಗಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಮುಂಚೆ ನನ್ನ ಹತ್ತಿರ ಇದ್ದದ್ದನ್ನು ನಾನೇ ವಾಪಸ್ ತಂದಿಟ್ಟಿದ್ದೆ, ಫೋಟೋ ತೆಗೆದುಕೊಂಡು. “ಕೊನೇ ದಿನಾನೂ ಕೇಳಿದ್ರವ್ವಾ. ಹರಿಹರದ ಆಯಮ್ಮ ಊರಿಂದ ಬಂದ್ಲಾ ಅಂತ. ನಾನು ಇನ್ನೂ ಇಲ್ಲ ಅಂದೆ.” ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದೆ. ಆಮೇಲೆ ನಾಲ್ಕು ತಿಂಗಳು ಆ ಪೆಟ್ಟಿಗೆ ನನ್ನ ಮಂಚದ ಕೆಳಗಿತ್ತು. ನಿನ್ನೆ ಪ್ರಬಂಧದ ಪ್ರಿಂಟ್ ತೆಗೆಸಿ ತಂದು ಬೈಂಡಿಂಗ್‌ಗೆ ಕೊಡಬೇಕೆಂದು ಹೊರಟೆ. ಮಂಡಿಪೇಟೆಗೆ ಬಂದು ಅಭ್ಯಾಸಬಲದಿಂದ ನಿಮ್ಮ ಕಟ್ಟೆಯ ಮುಂದೆ ನಿಂತೆ. ಶಟರ್ ಎಳೆದಿತ್ತು. ಬೇರೆ ಯಾರ ಕೈಗೆ ಕೊಡಲಿ, ಅದೂ ಈ ಪ್ರಬಂಧವನ್ನು? ಅದಕ್ಕೇ ಇವತ್ತು ಇಲ್ಲಿದ್ದೇನೆ. ಹನ್ನೆರಡಾಗುತ್ತಾ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು “ಯಾರವ್ವ ನೀನು, ಆಗ್ಲಿಂದ ಕೂತೀಯಲ್ಲ, ಏನಾತು?” ಎಂದು ಕೇಳಿದಳು. ಇನ್ನು ಕೂತರೆ ಪೊಲೀಸರಿಗೆ ಹೇಳುತ್ತಾಳೆ. ಹೋಗುತ್ತೇನೆ ಚಾಚಾ.

ಭಾನುವಾರ ಮಧ್ಯಾಹ್ನ. ಈಗ ನಿಮ್ಮ ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಬಾಗಿಲು ತೆಗೆದದ್ದು ಸೊಸೆ. ಗಿರಿಜಮ್ಮ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು, ಭೂತಗನ್ನಡಿ ಹಿಡಿದು ಪುಸ್ತಕ ಓದುತ್ತಿದ್ದರು. ಎಂಬತ್ತು ದಾಟಿದೆ, ಸಣ್ಣ ಜೀವ, ದೊಡ್ಡ ದನಿ. “ಬಾರವ್ವ, ಕೂಡು. ಯಾರ ಮಗಳು?” ನಾನು ಬಾಯಿಗೆ ಬಂದದ್ದು ಏನೇನೋ ಹೇಳಿದೆ. ಶಾಮನೂರು, ಕಿರಾಣಿ ಅಂಗಡಿ, ಇತಿಹಾಸ... ಕೊನೆಗೆ ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟುಬಿಟ್ಟೆ. ಮುಚ್ಚಳ ತೆಗೆದರು. ಒಂದು ಹಾಳೆ ಎತ್ತಿ ಭೂತಗನ್ನಡಿ ಹಿಡಿದರು. ಅವರ ತುಟಿ ಅಲ್ಲಾಡುತ್ತಿತ್ತು. ಹಾಳೆಯ ಅಂಚು ಸವರಿ, “ಯಾರು ಬಿಡಿಸಿದ್ದು ಇವನ್ನ? ಒಂದೂ ಹರಿದಿಲ್ಲ” ಎಂದರು. ಆಗ ನಿಮ್ಮ ಹೆಸರು ಹೇಳಿದೆ. ಹಾಜರಿ ಹಾಳೆಯ ಮೂಟೆ, ತಿರುವಿ ನೋಡದ್ದು, ಕೆಂಪು ದಾರ, ಟ್ರಂಕು, ಎಲ್ಲ ಹೇಳಿದೆ. ನೀವು ಹೋದದ್ದನ್ನೂ ಹೇಳಿದೆ.

“ನೀನೇನು ಬರದೀಯೋ ಅದನ್ನ ಓದು ನೋಡಾಣ” ಎಂದರು. ಚೀಲದಿಂದ ಪ್ರಬಂಧ ತೆಗೆದು ಮೂರನೇ ಅಧ್ಯಾಯ ಓದಲು ಶುರುಮಾಡಿದೆ. ‘ಓರ್ವ ಅಜ್ಞಾತ ಮಹಿಳೆ’ ಎನ್ನುತ್ತಿದ್ದಂತೆ ಕೈ ಅಡ್ಡ ಹಿಡಿದರು.

“ಯಾರವಳು?”

“ನೀವೇ ಅಜ್ಜಿ.”

“ನನ್ನ ಹೆಸ್ರು ಗೊತ್ತಿರಲಿಲ್ವಾ ನಿನಗೆ?”

“ಗೊತ್ತಿತ್ತು.”

“ಮತ್ತೆ? ನಾನೇನು ಅಜ್ಞಾತಳಾ? ಇಲ್ಲೇ ಇದ್ನಲ್ಲ, ಇದೇ ಮನ್ಯಾಗ, ಇದೇ ಕುರ್ಚಿ ಮ್ಯಾಲೆ. ದಾವಣಗೆರಿಯಿಂದ ಅರ್ಧ ಗಂಟೆ ಬಸ್ಸು.” ನಾನು ಪ್ರಬಂಧ ಮಡಚಲು ಹೋದೆ. “ಮುಂದಕ್ಕೆ ಓದು” ಎಂದರು. ಓದಿದೆ. ಒಲೆ ಹಚ್ಚದ ದಿನ ಬಂತು. ನನ್ನ ಏಳು ಪುಟದ ಉಪವಾಸ ಬಂತು. ಎರಡನೇ ಪುಟ ಮುಗಿಯುವಷ್ಟರಲ್ಲಿ ಗಿರಿಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಾಡತೊಡಗಿದರು. ಅಳುತ್ತಿದ್ದಾರೆಂದು ನಾನು ನಿಲ್ಲಿಸಿದೆ. ಅಯ್ಯೋ ಚಾಚಾ, ಅವರು ನಗುತ್ತಿದ್ದರು!

“ಉಪಾಸ ಯಾಕಿರ್ತಿದ್ವಿ? ಡಬ್ಬಿ ತುಂಬ ಅಕ್ಕಿ ಇತ್ತು! ‘ಎಲ್ಲಾ ಆ ಪುಸ್ತಕದ ದೆಸೆಯಿಂದ’ ಅಂತ ಬರದಿದ್ದೆ ಕಣೇ. ಯಾವ್ದೋ ಕಾದಂಬರಿ ತಂದಿದ್ರು ಇವರು. ಬೆಳಿಗ್ಗೆ ಹಿಡಿದೋಳು ಕೈ ಬಿಡಲಿಲ್ಲ. ಇವರು ಮಿಲ್ಲಿಂದ ಬಂದ್ರೆ ಒಲೆ ತಣ್ಣಗೈತೆ. ಬಯ್ಯಾಕೆ ಬಂದೋರು ನನ್ನ ಮುಖ ನೋಡಿ, ಹೋಗಿ ಮಂಡಕ್ಕಿ ಮಿರ್ಚಿ ಕಟ್ಟಿಸ್ಕಂಡ್ ಬಂದ್ರು. ಅತ್ತೆ ಮಾತ್ರ ಒಂದು ವಾರ ಮಾತು ಬಿಟ್ರು.” ನೀವು ಕತ್ತರಿಸಿದ ಎರಡು ಇಂಚಿನಲ್ಲಿ ಇದ್ದದ್ದು ಇಷ್ಟು ಚಾಚಾ. ಕಾದಂಬರಿ ಓದುತ್ತಾ ಅಡುಗೆ ಮರೆತ ಹೆಂಗಸಿಗೆ ನಾನು ಬರಗೆಟ್ಟ ಹೊಟ್ಟೆ ಕೊಟ್ಟಿದ್ದೆ. ಅದೂ ಹಾಳೆ ಓದುತ್ತಾ ಊಟ ಮರೆತ ನಾನು! ನನಗೆ ಒಮ್ಮೆಯೂ ಅದು ಹೊಳೆಯಲಿಲ್ಲ. ಬಡವರ ಮನೆಯ ಹೆಂಗಸು ಅಂದಮೇಲೆ ಹಸಿವೇ ಇರಬೇಕು, ಓದು ಎಲ್ಲಿಂದ ಬರಬೇಕು ಅಂದುಕೊಂಡಿದ್ದೆನೇ?

ನಗು ನಿಂತ ಮೇಲೆ ಅವರಿಗೆ ಸಿಟ್ಟು ಬಂತು. ನಿಮ್ಮ ಮೇಲೆ. “ಅವನು ಬರಬೇಕಿತ್ತು. ನಂಗೆ ಅವತ್ತೇ ಗೊತ್ತಿತ್ತು” ಎಂದರು. ಸೊಸೆಗೆ ಹೇಳಿ ಅಲಮಾರಿಯಿಂದ ಒಂದು ನೋಟ್‌ಬುಕ್ ತರಿಸಿದರು. ನಿಮ್ಮ ತಂದೆ ಬದಲಿಗೆ ಕೊಟ್ಟ ಅದೇ ಖಾಲಿ ಪುಸ್ತಕ. ತಲೆಗೆ ಕೆಂಪು ದಾರ. ಅದರ ಮೊದಲ ಪುಟವನ್ನು ನನಗೆ ಓದಲು ಕೊಟ್ಟರು. ಕೇಳಿ ನಕಲು ಮಾಡಿಕೊಂಡು ಬಂದಿದ್ದೇನೆ, ನಿಮಗಾಗಿ:

“ಇವತ್ತು ದಾವಣಗೆರೆಗೆ ಹೋಗಿದ್ದೆ. ನನ್ನ ಕಾಗದದ ಕಟ್ಟು ಕಳೆದುಹೋಯಿತೆಂದು ಬೈಂಡರ್ ಮಗ ಹೇಳಿದ. ಒಣಗಲು ಇಟ್ಟ, ಇನ್ನೂ ಮುಚ್ಚಿರದ ರಟ್ಟಿನ ಮೇಲೆ ನನ್ನ ಅಕ್ಷರ ಕಂಡೆ. ನಾನು ಕಂಡದ್ದು ಅವನಿಗೆ ಗೊತ್ತಾಗಲಿಲ್ಲ. ತಂದೆ ಪಕ್ಕದಲ್ಲೇ ನಿಂತಿದ್ದರು. ಬಾಯಿ ಬಿಟ್ಟರೆ ಬೀದಿಯಲ್ಲೇ ಅವನ ಮಾನ ಹೋಗುತ್ತಿತ್ತು. ಹೋಗಲಿ ಬಿಡ್ರಿ, ಕೆಲಸಕ್ಕೆ ಬಾರದ ಬರಹ ಎಂದೆ. ಬಸ್ಸಿನಲ್ಲಿ ಅಳು ಬಂತು. ಅವನ ಕೈ ತುಂಬ ಅಂಟು, ಕಣ್ಣಲ್ಲಿ ನೀರು. ಈ ಪುಸ್ತಕದ ಹೊಲಿಗೆ ಮಾತ್ರ ಬಹಳ ಚೆನ್ನಾಗಿದೆ.”

ಕೇಳಿಸಿತೇ ಚಾಚಾ? ನಿಮ್ಮ ಗಂಟಲಲ್ಲಿ ಕೂತಿದ್ದ ಆ ಮಾತನ್ನು ಆಯಮ್ಮ ನಿಮ್ಮನ್ನು ಉಳಿಸಲು ಹೇಳಿದ್ದರು. “ವರ್ಷ ವರ್ಷ ಅಲ್ಲಿಗೇ ಯಾಕ ಹೋಗ್ತಿದ್ದೆ ಅಂದ್ಕಂಡೆ? ಹರಿಹರದಾಗ ನೋಟ್‌ಬುಕ್ ಸಿಗ್ತಿರಲಿಲ್ವಾ? ಈ ವರ್ಷಾನಾದ್ರೂ ಹೊರಗ ಬಂದು ಬಾಯಿ ಬಿಡ್ತಾನೇನೋ ಅಂತ. ಒಳಗಿಂದ ಕೆಮ್ಮು ಕೇಳ್ತಿತ್ತು, ಮನುಷ್ಯ ಬರ್ತಿರಲಿಲ್ಲ.” ಹಾಗೆಂದು ಕಣ್ಣೊರೆಸಿಕೊಂಡು, ಮತ್ತೆ ಸಿಟ್ಟಾದರು. “ಸತ್ತ ಅಂತ ಸಿಟ್ಟು ಹೋಗತೈತಾ? ಇನ್ನೂ ಐತೆ” ಎಂದರು. ನೀವು ಅವರ ಹತ್ತಿರ ಪೂರ್ತಿ ಗೆದ್ದಿಲ್ಲ, ತಿಳಿದಿರಲಿ.

ನನ್ನ ಬಗೆಗಿನ ತೀರ್ಪು ಆಮೇಲೆ ಬಂತು. “ಬರಿ. ಆದ್ರೆ ಗಿರಿಜಮ್ಮ ಅಂತ ಹೆಸ್ರು ಹಾಕು. ಉಪಾಸ ತೆಗಿ, ಪುಸ್ತಕ ಹಾಕು. ಜನ ನಗ್ತಾರೆ, ನಗ್ಲಿ. ಮತ್ತೆ ಈ ಹಾಳೆ ನಾನು ಬೈಂಡಿಂಗ್‌ಗೆ ಕೊಟ್ಟಿದ್ದು. ಬೈಂಡ್ ಮಾಡಿ ತಂದು ಕೊಡು.” ಹೊರಗೆ ಬಂದವಳೇ ಮೇಡಂಗೆ ಫೋನ್ ಮಾಡಿದೆ. ಏಳು ಪುಟ ತೆಗೆಯಬೇಕೆಂದರೆ ಅವರು ಸಿಡಿದೆದ್ದರು. “ಅದನ್ನೇ ತೆಗೆದ್ರೆ ಉಳಿಯೋದೇನು? ಸೋಮವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಟೇಬಲ್ ಮೇಲಿರಬೇಕು, ಆಮೇಲೆ ನಿನ್ನ ಹಣೆಬರಹ” ಎಂದು ಇಟ್ಟರು. ಮೂರು ದಿನದಿಂದ ಕೂತು ತಿದ್ದಿದ್ದೇನೆ. ಈಗ ಆ ಅಧ್ಯಾಯದ ಹೆಸರು ‘ಗಿರಿಜಮ್ಮ ಒಲೆ ಹಚ್ಚದ ದಿನ’. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಹೆದರಿಕೆ ಹಾಗೇ ಇದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆ.

ಇನ್ನು ಆ ಬೀಗದ ವಿಷಯ. ಗಿರಿಜಮ್ಮನವರಿಗೆ ಎಲ್ಲ ಹೇಳಿದೆ ಎಂದೆನಲ್ಲ, ಅದೊಂದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹೊಸ್ತಿಲ ಹತ್ತಿರ ಬಂದು, ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು. “ಬೀಗ? ಏಳು ವರ್ಷ ಆತು ನಾನು ಈ ಓಣಿ ದಾಟಿ. ಯಾವ ಮಗಳು, ಯಾವ ಊರು? ನಂಗೆ ಮಗಳೇ ಇಲ್ಲ.” ನಾನು ಅಳುವುದನ್ನು ನೋಡಿಯೂ ಅವರು ಸಮಾಧಾನ ಮಾಡಲಿಲ್ಲ. “ಅದನ್ನ ನಂಗೆ ಹೇಳಿ ಏನ್ ಬಂತು? ಅವಂಗೆ ಹೇಳು. ಅವನು ಐವತ್ತು ವರ್ಷ ಒಳಗ ಕೂತು ಅಂಟು ಕಲಸಿದ. ನೀನೂ ಕಲಸ್ತಾ ಕೂಡ್ತೀಯಾ?”

ಇಲ್ಲ. ಹೇಳುತ್ತೇನೆ. ಚಾಚಾ, ಆ ಮನೆಗೆ ಬೀಗ ಹಾಕಿರಲಿಲ್ಲ. ನಾನು ಹೋಗಿಯೇ ಇರಲಿಲ್ಲ. ಆ ದಿನ ಲೈಬ್ರರಿಯಲ್ಲಿ ಕೂತು ಅವರ ಉಪವಾಸದ ಬಗ್ಗೆ ಬರೆಯುತ್ತಿದ್ದೆ. ಆ ಹೊತ್ತಿನಲ್ಲೂ ಗಿರಿಜಮ್ಮ ಕಿಟಕಿಯ ಪಕ್ಕ ಆ ಕುರ್ಚಿಯಲ್ಲೇ ಇದ್ದರು. ನಾವು ಬಸ್ ಹತ್ತಿದ್ದರೆ ನೀವು ಆ ಮೊದಲ ಪುಟವನ್ನು ನಿಮ್ಮ ಕಣ್ಣಾರೆ ಓದುತ್ತಿದ್ದಿರಿ. ಅದನ್ನು ನಿಮ್ಮಿಂದ ಕಸಿದವಳು ನಾನು. ಚಾಚಿಗೂ ಹೇಳಿದೆ. ಅವರು ನನ್ನ ಮುಖ ನೋಡದೆ ಅಂಗಡಿಯ ಶಟರ್ ತೆಗೆದು ಕೊಟ್ಟು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಚಾ ತಂದಿಟ್ಟರು.

ಗಿರಿಜಮ್ಮನವರ ಹಾಳೆಗಳನ್ನು ನಿಮ್ಮ ಸೂಜಿಯಲ್ಲೇ ಹೊಲಿದೆ. ಟ್ರಂಕಿನ ತಳದಲ್ಲಿ ಕೆಂಪು ದಾರದ ಉಂಡೆ ಇತ್ತು. ಅಂಟು ಸ್ವಲ್ಪ ಗಟ್ಟಿಯಾಯಿತು, ಬೆನ್ನು ಒಂದು ಕಡೆ ವಾಲಿದೆ. ನಲವತ್ತಮೂರು ಹಾಳೆಯೂ ಈಗ ಪ್ರೆಸ್ಸಿನಲ್ಲಿ ಒತ್ತಿಕೊಂಡು ಕೂತಿವೆ. ನಾಳೆ ಮೇಡಂಗೆ ಪ್ರಬಂಧ ಕೊಟ್ಟು ಸೀದಾ ಹರಿಹರದ ಬಸ್ ಹತ್ತುತ್ತೇನೆ. ಚಾಚಿ ಬಂದರೆ ಅವರನ್ನೂ ಕರೆದೊಯ್ಯುತ್ತೇನೆ. ಒಂದೇ ಒಂದು ಕೆಲಸ ಬೇಕಂತಲೇ ಬಿಟ್ಟಿದ್ದೇನೆ. ಅಂಚು ಏರುಪೇರಾಗಿದೆ, ನೋಡಿದರೆ ನೀವು ಖಂಡಿತ ಬಯ್ಯುತ್ತೀರಿ. ಬಯ್ಯಿರಿ ಚಾಚಾ, ಕೇಳಿಸಿಕೊಳ್ಳುತ್ತೇನೆ. ಆದರೆ ಈ ಸಲ ಒಂದು ನೂಲಿನಷ್ಟೂ ಕತ್ತರಿಸಿಲ್ಲ.

ನಿಮ್ಮ ಕಟ್ಟೆಯ ಹುಡುಗಿ,
ಶೈಲಾ